ಆಟದ ಜಾತ್ರೆ, ಆಟದ ಪೆಟ್ಟಿಗೆ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರಲ್ಲಿ ಹೆಚ್ಚಿನವರು ಸಾಹಿತಿಗಳು, ಇಲ್ಲವೆ ಪ್ರಾಧ್ಯಾಪಕರು. ನಾನಾದರೋ ಬ್ಯಾಂಕಿನ ಗುಮಾಸ್ತ, ಓದಿದ್ದು ಬಿ.ಕಾಂ. ಪಂಪ ರನ್ನರ ವಿಷಯ ಹೇಳಹೊರಟರೆ ನೀವೇ ಎದ್ದು ತಿದ್ದಬೇಕಾದೀತು. "ತಿಳಿದದ್ದನ್ನೇ ಹೇಳಿ, ಅರ್ಧ ಗಂಟೆ ಮೀರದಿರಲಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ಆದುದರಿಂದ ಜಮಾ ಖರ್ಚಿನ ಮಾತನ್ನೇ ಆಡುತ್ತೇನೆ. ಲೆಕ್ಕ ಮಾತ್ರ ಆಟದ್ದು.

ನಮ್ಮ ಸಂಘದ ಆ ಅಕ್ಕ ತಮ್ಮ ಇಬ್ಬರನ್ನು ತಾವೆಲ್ಲ ಬಲ್ಲಿರಿ. ಹೆಸರು ಹೇಳಿದರೆ ಸಂಕೋಚಪಟ್ಟಾರು. ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಇಬ್ಬರೂ ಪುಣೆಯಲ್ಲಿಯೇ ಹುಟ್ಟಿ ಬೆಳೆದವರು, ಇಬ್ಬರಿಗೂ ನೌಕರಿಯುಂಟು. ಮೂರು ವರ್ಷಗಳ ಕೆಳಗೆ ಕೈಯಿಂದ ಹಣ ಹಾಕಿ ಒಂದು ಕನ್ನಡ ಆಟದ ಪೆಟ್ಟಿಗೆಯನ್ನು ಅಚ್ಚು ಹಾಕಿಸಿದರು. ಅದರಲ್ಲಿ ಅಕ್ಷರದ ಕಾರ್ಡುಗಳು ಬೇರೆ, ಕಾಗುಣಿತದ ಕಾರ್ಡುಗಳು ಬೇರೆ. ಕೈಗೆ ಬಂದ ಅಕ್ಷರಕ್ಕೆ ಗುಡಿಸು, ಕೊಂಬು, ಏತ್ವ, ಓತ್ವಗಳನ್ನು ಸೇರಿಸಿ ಪದ ಕಟ್ಟಬೇಕು. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ಮಾತ್ರ ಕನ್ನಡ ಎಂಬ ನಮ್ಮ ಮಕ್ಕಳಿಗೆ ಅಕ್ಷರ ಹತ್ತಿಸುವುದಕ್ಕೆ ಇದಕ್ಕಿಂತ ನಯವಾದ ಉಪಾಯವನ್ನು ನಾನು ಕಂಡಿಲ್ಲ. ಆ ಸಣ್ಣ ಕಂಪನಿಯ ಲೆಕ್ಕಪತ್ರ ಬರೆಯುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತು. ಸಂಬಳವಿಲ್ಲ, ಆಗಾಗ ಅವರ ತಾಯಿಯವರು ಮಾಡಿದ ಹೋಳಿಗೆ ಉಂಟು.

ಪೆಟ್ಟಿಗೆ ಬಂದದ್ದೇ ತಡ, ಕರೆಗಳು ಬರತೊಡಗಿದವು. ಯುಗಾದಿಗೆ ಒಂದು ಸಂಘದವರು, ಗಣೇಶೋತ್ಸವಕ್ಕೆ ಇನ್ನೊಂದು ಸಂಘದವರು. ನವೆಂಬರ್ ತಿಂಗಳಲ್ಲಂತೂ ನಾಲ್ಕು ಭಾನುವಾರಕ್ಕೆ ಏಳು ಆಮಂತ್ರಣ. ಇಂದು ಠಾಣೆ, ಮುಂದಿನ ವಾರ ಸೊಲ್ಲಾಪುರ. ಮೇಜು ಹಾಕು, ಮಕ್ಕಳಿಗೆ ಆಡಿಸು, ಬಹುಮಾನ ಕೊಡು, ಪೆಟ್ಟಿಗೆ ಮಾರು. ಒಂದು ರಾತ್ರಿ ತಮ್ಮ ಸೊಲ್ಲಾಪುರದಿಂದ ಬಂದವನು ಹಣದ ಚೀಲವನ್ನು ನನ್ನ ಮುಂದಿಟ್ಟು, "ಅಣ್ಣಾ, 24 ಪೆಟ್ಟಿಗೆ ಹೋದವು, ಇವತ್ತು ಒಳ್ಳೆ ಲಾಭ" ಎಂದ. ಅಕ್ಕ ಮಾತ್ರ ಸುಮ್ಮನಿದ್ದಳು.

ಲಾಭವನ್ನು ನೋಡೋಣವೆಂದು ಕಾಗದ ತೆಗೆದೆ. ಪೆಟ್ಟಿಗೆಗೆ 350 ರೂಪಾಯಿಯಂತೆ 8,400 ಬಂದಿದೆ. ಆದರೆ ಒಂದೊಂದು ಪೆಟ್ಟಿಗೆಯ ಅಚ್ಚಿಗೆ ಹಿಂದೆಯೇ 190 ಕೊಟ್ಟಾಗಿದೆ; ಅದನ್ನು ಎತ್ತಿಡದಿದ್ದರೆ ಮರುಮುದ್ರಣಕ್ಕೆ ಹಣವೆಲ್ಲಿಯದು? 4,560 ಕಳೆದರೆ ಉಳಿದದ್ದು 3,840. ಬಸ್ಸು, ಆಟೋ, ಊಟ, ಹೊಸ ಬ್ಯಾನರು ಸೇರಿ ಖರ್ಚು 2,900. ಕೈಯಲ್ಲಿ ನಿಂತದ್ದು 940 ರೂಪಾಯಿ; ಅದೂ ಇಬ್ಬರ ಒಂದು ಶನಿವಾರದ ಸಂಜೆ ಮತ್ತು ಪೂರ್ತಿ ಒಂದು ಭಾನುವಾರಕ್ಕೆ ಪ್ರತಿಯಾಗಿ. ನಮ್ಮ ಪುಸ್ತಕದಲ್ಲಿ ನಗದಿಗೆ ಖಾತೆಯುಂಟು, ಸರಕಿಗೆ ಖಾತೆಯುಂಟು, ಭಾನುವಾರಕ್ಕೆ ಖಾತೆಯಿಲ್ಲ. ಆ ಮಕ್ಕಳ ಬಂಡವಾಳವಾದರೋ ಭಾನುವಾರವೇ. ಮೊದಲ ಪೆಟ್ಟಿಗೆಯ ತಪ್ಪುಗಳನ್ನು ತಿದ್ದಿ ಎರಡನೆಯದನ್ನು ಮಾಡುವುದೆಂದು ಗೊತ್ತುಮಾಡಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಒಂದು ಕಾರ್ಡೂ ಸಿದ್ಧವಾಗಿರಲಿಲ್ಲ.

ಹಾಗಾದರೆ ಜಾತ್ರೆಗಳಿಗೆ ಹೋಗುವುದನ್ನೇ ಬಿಡಬೇಕೆ? ಬೇರೆ ಕಡೆ ಇಂಥ ಸಣ್ಣ ಕಂಪನಿಗಳು ಏನು ಮಾಡಿದವೆಂದು ತಿಳಿಯುವ ಕುತೂಹಲ ಹುಟ್ಟಿ, ಕೆಲವು ತಿಂಗಳು ಓದಿದೆ. ನಾನು ಇಂದು ಹೇಳಬೇಕಾದದ್ದು ಹೆಚ್ಚಾಗಿ ಅದೇ.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬುವರಿದ್ದರು. ವಿಮಾ ಕಂಪನಿಯ ನೌಕರಿ. ನಮ್ಮ ಹಾಗೆಯೇ ಮೇಜಿನ ಮುಂದೆ ಕುಳಿತು ಮಾಡತಕ್ಕ ಕೆಲಸ. ಬಿಡುವಿನಲ್ಲಿ ಯುದ್ಧದಾಟದ ಹುಚ್ಚು. 1968ರಲ್ಲಿ ಅವರು 50 ಡಾಲರು ಬಾಡಿಗೆ ಕೊಟ್ಟು ಊರಿನ ತೋಟಗಾರಿಕೆ ಸಂಘದ ಸಭಾಂಗಣವನ್ನು ಹಿಡಿದು, ತಮ್ಮಂಥ ಹುಚ್ಚಿನವರನ್ನು ಕರೆದರು. ಸುಮಾರು ನೂರು ಮಂದಿ ಬಂದರು. ಅದಕ್ಕೆ ಜೆನ್ ಕಾನ್ ಎಂದು ಹೆಸರಾಯಿತು. ಆಗ ಕಂಪನಿಯೂ ಇಲ್ಲ, ಮಾರುವುದಕ್ಕೆ ಸರಕೂ ಇಲ್ಲ. ಮರುವರ್ಷದ ಕೂಟಕ್ಕೆ ಡೇವ್ ಆರ್ನೆಸನ್ ಎಂಬ ತರುಣ ಬಂದ, ಇಬ್ಬರಿಗೂ ಪರಿಚಯವಾಯಿತು. ಈ ಪರಿಚಯದ ಬೆಲೆಯನ್ನು ಯಾವ ಗುಮಾಸ್ತನೂ ಆ ದಿನ ಪುಸ್ತಕಕ್ಕೆ ಏರಿಸುವಂತಿರಲಿಲ್ಲ. ಕೆಲವು ವರ್ಷಗಳ ಮೇಲೆ ಅವರಿಬ್ಬರೂ ಸೇರಿ ಕಟ್ಟಿದ ಆಟವೇ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'.

ಆ ಆಟವೆಂದರೇನೆಂದು ಹಿರಿಯರು ಕೇಳಬಹುದು. ನಮ್ಮ ಕರಾವಳಿಯ ಬಂಧುಗಳಿಗೆ ಸುಲಭವಾಗಿ ಹೇಳುತ್ತೇನೆ: ತಾಳಮದ್ದಳೆಯಂತೆ. ವೇಷವಿಲ್ಲ, ಕುಣಿತವಿಲ್ಲ. ಮೇಜಿನ ಸುತ್ತ ಕುಳಿತ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡಬೇಕು. ಭಾಗವತರ ಸ್ಥಾನದಲ್ಲಿ ಒಬ್ಬ ಕತೆ ನಡೆಸುತ್ತಾನೆ. ವ್ಯತ್ಯಾಸವೇನೆಂದರೆ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ. ಕತ್ತಿಯ ಏಟು ತಗುಲಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ.

1973ರ ಅಕ್ಟೋಬರಿನಲ್ಲಿ ಗೈಗ್ಯಾಕ್ಸರೂ ಅವರ ಬಾಲ್ಯದ ಗೆಳೆಯ ಡಾನ್ ಕೇ ಎಂಬುವರೂ ಟಿ.ಎಸ್.ಆರ್. ಎಂಬ ಕಂಪನಿಯನ್ನು ಕಟ್ಟಿದರು. ಕೈಯಲ್ಲಿದ್ದ ಹಣ ಸಾಲದೆ, ಮೊದಲು ಬೇರೆ ಒಂದು ಸಣ್ಣ ಆಟವನ್ನು ಅಚ್ಚುಮಾಡಿ ಮಾರಿದರು. ಅದರಿಂದಲೂ ಹಣ ಸಾಲದೆ, ಬ್ರಯನ್ ಬ್ಲೂಮ್ ಎಂಬ ಮೂರನೆಯ ಪಾಲುದಾರರು 2,000 ಡಾಲರು ತಂದ ಮೇಲೆ, 1974ರ ಜನವರಿಯಲ್ಲಿ 1,000 ಪೆಟ್ಟಿಗೆಗಳು ಸಿದ್ಧವಾದವು. ಮನೆಯಲ್ಲಿಯೇ ಕುಳಿತು ಕೈಯಿಂದ ಜೋಡಿಸಿದ್ದು. ಬೆಲೆ 10 ಡಾಲರು. ಒಂದು ವರ್ಷದೊಳಗೆ ಮುಗಿದವು. 1975ರ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು 36. ಮೂವರ ಕಂಪನಿಯಲ್ಲಿ ಒಬ್ಬರು ಹೋದರೆಂದರೆ ಏನಾಗುತ್ತದೆಂಬುದನ್ನು ಸಣ್ಣ ವ್ಯಾಪಾರ ಮಾಡಿದವರು ಬಲ್ಲರು. ಕಂಪನಿ ಹೇಗೋ ನಿಂತಿತು.

ನನಗೆ ಬಹಳ ಹಿಡಿಸಿದ ಸಂಗತಿ ಇದಾದ ಮೇಲಿನದು. ಕೂಟಗಳಿಗೆ ಬಂದ ಜನ ಪಂದ್ಯ ಬೇಕೆಂದರು. ತಾಳಮದ್ದಳೆಯಲ್ಲಿ ಗೆದ್ದವರು ಯಾರೆಂದು ಹೇಳುವುದು ಹೇಗೆ? ಎಲ್ಲ ತಂಡಗಳಿಗೂ ಒಂದೇ ಪ್ರಸಂಗ, ಒಂದೇ ಪಾತ್ರಗಳು ಇರಬೇಕು; ಯಾರು ಎಷ್ಟು ದೂರ ಹೋದರೆಂದು ಅಂಕ ಹಾಕಬೇಕು. ಹತ್ತು ಮೇಜಿಗೆ ಹತ್ತು ಜನ ಭಾಗವತರು ಬೇಕಾದರೆ, ಒಬ್ಬನ ತಲೆಯಲ್ಲಿರುವ ಪ್ರಸಂಗವನ್ನು ಉಳಿದ ಒಂಬತ್ತು ಮಂದಿಗೂ ಅರ್ಥವಾಗುವಂತೆ ಬರೆದುಕೊಡಬೇಕು: ಇಲ್ಲಿ ಬಾಗಿಲು, ಇಲ್ಲಿ ಗುಂಡಿ, ಇದನ್ನು ಮುಟ್ಟಿದರೆ ಇಂತಾಗತಕ್ಕದ್ದು. ಹಾಗೆ ಪಂದ್ಯಕ್ಕಾಗಿ ಬರೆದ ಹಾಳೆಗಳೇ ಪುಸ್ತಕದ ಕರಡಾದವು! 1975ರಲ್ಲಿ ಬಾಲ್ಟಿಮೋರ್ ನಗರದ ಒರಿಜಿನ್ಸ್ ಎಂಬ ಕೂಟದಲ್ಲಿ ಆಡಿಸಿದ 'ಟೂಂಬ್ ಆಫ್ ಹಾರರ್ಸ್' 1978ರಲ್ಲಿ ಪುಸ್ತಕವಾಗಿ ಬಂದಿತು. 1978ರ ಒರಿಜಿನ್ಸ್ ಕೂಟದಲ್ಲಿ ರಾಕ್ಷಸರ ಮೇಲಿನ ಮೂರು ಪ್ರಸಂಗಗಳನ್ನು ಆಡಿಸಿದರು. ಅವು ಅದೇ ವರ್ಷ ಅಚ್ಚಾದವು. ಆ ತಿಂಗಳುಗಳ ದುಡಿಮೆಯನ್ನು ಜಾತ್ರೆಯ ಖರ್ಚಿಗೆ ಹಾಕಬೇಕೋ ಸರಕಿನ ಖರ್ಚಿಗೆ ಹಾಕಬೇಕೋ ಎಂದು ಕೇಳಿದರೆ, ನನ್ನಂಥ ಗುಮಾಸ್ತ ಪೆನ್ನು ಕಚ್ಚಿಕೊಂಡು ಕೂರಬೇಕು. ಒಂದೇ ದುಡಿಮೆ, ಎರಡು ಖಾತೆಗೂ ಜಮಾ.

ಇನ್ನೊಂದು ಉದಾಹರಣೆ. ಪೀಟರ್ ಆಡ್ಕಿಸನ್ ಎಂಬುವರು 1990ರಲ್ಲಿ ಸಿಯಾಟಲ್ ಬಳಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯನ್ನು ಕಟ್ಟಿದರು. ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಗಾರ್ಫೀಲ್ಡ್ ಎಂಬ ವಿದ್ಯಾರ್ಥಿ ಅವರ ಬಳಿಗೆ ಒಂದು ಆಟ ತಂದ. ಆಟ ಚೆನ್ನಾಗಿತ್ತು, ಆದರೆ ಹಲಗೆ, ಗೊಂಬೆಗಳೆಲ್ಲ ಸೇರಿ ಅಷ್ಟು ಸಣ್ಣ ಕಂಪನಿಗೆ ತಯಾರಿಸಲಾಗದಷ್ಟು ದುಬಾರಿ. ಆಗ ಆಡ್ಕಿಸನ್‌ರು, ಕೂಟಗಳಲ್ಲಿ ಒಂದು ಆಟ ಮುಗಿದು ಇನ್ನೊಂದು ಪ್ರಾರಂಭವಾಗುವ ನಡುವೆ ಜನ ಸುಮ್ಮನೆ ಕುಳಿತಿರುತ್ತಾರಲ್ಲ, ಆ ಬಿಡುವಿನಲ್ಲಿ ಬೇಗ ಆಡಿ ಮುಗಿಸಬಹುದಾದ, ಜೇಬಿನಲ್ಲಿ ಹಿಡಿಯುವ ಆಟವೊಂದು ಬೇಕೆಂದರು. ಗಾರ್ಫೀಲ್ಡ್ ಮಾಡಿಕೊಟ್ಟದ್ದು 'ಮ್ಯಾಜಿಕ್' ಎಂಬ ಕಾರ್ಡಿನಾಟ. 1993ರ ಆಗಸ್ಟಿನ ಜೆನ್ ಕಾನ್ ಕೂಟದಲ್ಲಿ ಅದು ಜನರ ಮುಂದೆ ಬಂದಿತು. ಮೊದಲ ಮುದ್ರಣದ ಸುಮಾರು 26 ಲಕ್ಷ ಕಾರ್ಡುಗಳು ಕೆಲವೇ ವಾರಗಳಲ್ಲಿ ಖರ್ಚಾದವು. ಜಾತ್ರೆಯಲ್ಲಿ ಸುಮ್ಮನೆ ಕುಳಿತಿದ್ದವರನ್ನು ಯಾರೋ ಒಬ್ಬರು ಕಣ್ಣಿಟ್ಟು ನೋಡಿದ್ದರಿಂದ ಹುಟ್ಟಿದ ಸರಕು ಅದು.

ಹಾಗೆಂದು ಜಾತ್ರೆಯೆಲ್ಲ ಒಳಿತೆಂದು ನಾನು ಹೇಳುತ್ತಿಲ್ಲ. ಆಡ್ಕಿಸನ್‌ರೇ 2002ರಲ್ಲಿ ಜೆನ್ ಕಾನ್ ಜಾತ್ರೆಯನ್ನು ಕೊಂಡುಕೊಂಡರು. ಮುಖ್ಯ ಜಾತ್ರೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಬೇರೆಯವರ ಹೆಸರಿನ ಪರವಾನಗಿ ಪಡೆದು ಬೇರೆ ಉತ್ಸವಗಳನ್ನೂ ನಡೆಸಲು ಹೋಗಿ, ಖರ್ಚು ಅಂದಾಜು ಮೀರಿ, 2008ರ ಫೆಬ್ರವರಿಯಲ್ಲಿ ಆ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಯಿತು. ಮರುವರ್ಷ ಚೇತರಿಸಿಕೊಂಡಿತೆನ್ನಿ, ಇತ್ತೀಚಿನ ವರ್ಷಗಳಲ್ಲಿ ಇಂಡಿಯಾನಾಪೊಲಿಸ್ ನಗರದ ಆ ಜಾತ್ರೆಗೆ 70,000ಕ್ಕೂ ಹೆಚ್ಚು ಮಂದಿ ಸೇರಿದ್ದುಂಟು. ಇತ್ತ ಟಿ.ಎಸ್.ಆರ್. ಕಂಪನಿ ಕೆಟ್ಟದ್ದು ಇದಕ್ಕೆ ತದ್ವಿರುದ್ಧವಾಗಿ: ಅತಿಯಾಗಿ ಅಚ್ಚು ಹಾಕಿ, ಮಾರಾಟವಾಗದ ಪುಸ್ತಕಗಳು ಅಂಗಡಿಗಳಿಂದ ಹಿಂದಿರುಗಿ, ಮುದ್ರಕರ ಬಾಕಿ ಬೆಳೆದು, 1997ರಲ್ಲಿ ಬೇರೆಯವರ ಪಾಲಾಯಿತು.

ನಮ್ಮ ಅಕ್ಕ ತಮ್ಮಂದಿರ ಮೇಜಿಗೆ ಬರುತ್ತೇನೆ. ಜಾತ್ರೆಗಳಿಂದ ಅವರಿಗೆ ಏನೂ ದೊರೆಯಲಿಲ್ಲವೆಂದಲ್ಲ. ಬಹು ದೊಡ್ಡದೊಂದು ದೊರೆಯಿತು. ಅದು ದೊರೆತದ್ದು ನನ್ನ ಮಗಳಿಂದ. ಎಂಟು ವರ್ಷದ ಹುಡುಗಿ. ನಮ್ಮ ಸಂಘದ ಯುಗಾದಿ ಕೂಟದಲ್ಲಿ ಆಡುತ್ತ 'ಬೆಳೆ' ಎಂದು ಜೋಡಿಸಿ, "ಸಾರಿಗೆ ಹಾಕ್ತಾರಲ್ಲ, ಅದು" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ನಗಲಿಲ್ಲ, ಚೀಟಿಯಲ್ಲಿ ಬರೆದುಕೊಂಡಳು. ಮುಂದಿನ ಮೂರು ಕಡೆಗಳಲ್ಲಿ ನೋಡಿದರೆ ಇತರ ಮಕ್ಕಳದೂ ಅದೇ ತಪ್ಪು. ಕಾರಣ ಸ್ಪಷ್ಟವಷ್ಟೆ: ಶಾಲೆಯಲ್ಲಿ ಇವರು ಕಲಿಯುವುದು ದೇವನಾಗರಿ. ಅದರಲ್ಲಿ ನಮ್ಮ ಎ ಏ, ಒ ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ. ಒಂದೇ ಚಿಹ್ನೆ ಸಾಕು. ನಮ್ಮ ಮಕ್ಕಳ ಕಿವಿಗೆ ಬೆಳೆಯೂ ಬೇಳೆಯೂ ಬೇರೆಯೆಂದು ಗೊತ್ತು, ಕೈಗೆ ಗೊತ್ತಿಲ್ಲ. ಅಂದು ಮನೆಗೆ ಹೋಗಿ, ನನ್ನ ಮಗಳು ಗದಗಿನ ಅಜ್ಜಿಗೆ ಬರೆದ ಪತ್ರವನ್ನು ತೆಗೆದು ನೋಡಿದೆ. ಒಂದು ದೀರ್ಘವೂ ಇರಲಿಲ್ಲ. ಅಜ್ಜಿ ಮರುಪತ್ರದಲ್ಲಿ ಅದರ ಮಾತೇ ಎತ್ತಿರಲಿಲ್ಲ, ಪಾಪ.

ಎರಡನೆಯ ಪೆಟ್ಟಿಗೆಯ ಬೀಜ ಇದೇ. ದೀರ್ಘಕ್ಕೆ ಪ್ರತ್ಯೇಕ ಕಾರ್ಡು. ಎದುರಾಳಿ 'ಕೊಡು' ಎಂದು ಕಟ್ಟಿದ್ದರೆ ಅದರ ಮೇಲೆ ದೀರ್ಘ ಇಟ್ಟು 'ಕೋಡು' ಮಾಡಿ ಪದವನ್ನೇ ಕಸಿದುಕೊಳ್ಳಬಹುದು. ಕೆರೆಯನ್ನು ಕೇರೆ ಹಾವು ಮಾಡಬಹುದು! ಜಾತ್ರೆಗೆ ಹೋಗದೆ ಮನೆಯಲ್ಲಿಯೇ ಕುಳಿತಿದ್ದರೆ ಈ ಉಪಾಯ ಅವರಿಗೆ ಹೊಳೆಯುತ್ತಿರಲಿಲ್ಲ. ಜಾತ್ರೆಗೇ ಹೋಗುತ್ತಿದ್ದರಿಂದ ಅದನ್ನು ಮಾಡಲು ಆಗಲೂ ಇಲ್ಲ. ಆ ಹದಿನಾಲ್ಕು ತಿಂಗಳಲ್ಲಿ ನನ್ನ ಮಗಳು ಎಂಟು ದಾಟಿ ಒಂಬತ್ತಕ್ಕೆ ಬಂದಳು. ಮಕ್ಕಳ ವಯಸ್ಸು ಮುದ್ರಣಾಲಯದ ಸರದಿಗಾಗಿ ಕಾಯುವುದಿಲ್ಲ.

ಆದುದರಿಂದ ನಾನು ಅವರಿಗೆ ಹೇಳಿದ್ದು ಇಷ್ಟು. ತಿಂಗಳಿಗೆ ಒಂದೇ ಕೂಟಕ್ಕೆ ಹೋಗಿ. ಹೋದಾಗ ಮಾರುವುದಕ್ಕೆ ಹಳೆಯ ಪೆಟ್ಟಿಗೆ ಜೊತೆಗಿರಲಿ. ಆಡಿಸುವುದು ಮಾತ್ರ ಇನ್ನೂ ಮುಗಿಯದ ಹೊಸ ಪೆಟ್ಟಿಗೆಯನ್ನೇ. ಉಳಿದ ಮೂರು ಭಾನುವಾರ ಬಾಗಿಲು ಹಾಕಿಕೊಂಡು ಕೆಲಸ ಮಾಡಿ. ತಮ್ಮನಿಗೆ ಇದು ಅಷ್ಟು ರುಚಿಸಲಿಲ್ಲ. "ಕರೆದವರಿಗೆ ಬೇಜಾರಾಗುತ್ತೆ ಅಣ್ಣಾ, ಅವರೆಲ್ಲ ನಮ್ಮವರೇ ಅಲ್ಲವಾ?" ಎಂದ. ಆ ಮಾತಿಗೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಇಂದು ಇಲ್ಲಿ ನಿಂತಿರುವುದೇ ಆ ಉತ್ತರಕ್ಕಾಗಿ.

ಏಕೆಂದರೆ ಕರೆಯುವವರು ನಾವು. ಮಳಿಗೆಗೆ ಬಾಡಿಗೆ ಬೇಡವೆನ್ನುತ್ತೇವೆ. ದೊಡ್ಡ ಉಪಕಾರ ಮಾಡಿದೆವೆಂದುಕೊಳ್ಳುತ್ತೇವೆ. ಮಕ್ಕಳನ್ನು ಅವರ ಮೇಜಿಗೆ ಬಿಟ್ಟು ನಿಶ್ಚಿಂತೆಯಿಂದ ಊಟದ ಸಾಲಿಗೆ ಹೋಗುತ್ತೇವೆ. ನಾನೂ ಹೋಗಿದ್ದೇನೆ. ಆಮೇಲೆ ಬಂದು, "ಹೊಸದೇನೂ ಇಲ್ಲವೇನಪ್ಪ?" ಎಂದು ಕೇಳುತ್ತೇವೆ. ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಅರಿಕೆ ಹೀಗಿದೆ: ಈ ನವೆಂಬರಿನಲ್ಲಿ ಅವರನ್ನು ಕರೆಯುವುದು ಬೇಡ. ಅದರ ಬದಲು ನಮ್ಮ ಭಾನುವಾರದ ಕನ್ನಡ ತರಗತಿಗೆಂದು ಹೊಸ ಪೆಟ್ಟಿಗೆಗಳಲ್ಲಿ 20ಕ್ಕೆ ಈಗಲೇ ಮುಂಗಡ ಕೊಡೋಣ. ಬ್ಯಾನರು ಬೇಡ, ಬಸ್ಸು ಬೇಡ. ಆ ಹಣ ನೇರವಾಗಿ ಅಚ್ಚಿಗೆ ಹೋಗುತ್ತದೆ. ಖಜಾಂಚಿಗಳು ನನ್ನ ಕಡೆಗೆ ನೋಡುತ್ತಿರುವ ರೀತಿ ನನಗೆ ಕಾಣುತ್ತಿದೆ. ಅವರ ಕಷ್ಟವನ್ನೂ ಬಲ್ಲೆ, ಆದರೂ ಕೇಳಿಬಿಟ್ಟಿದ್ದೇನೆ.

ಕೊನೆಯದಾಗಿ ಒಂದು ಪ್ರಕಟಣೆ. ಹಿಂದಿನ ಮೇಜಿನ ಮೇಲೆ ಹೊಸ ಆಟದ ಮಾದರಿ ಇದೆ. ದಪ್ಪ ಕಾಗದ ಕತ್ತರಿಸಿ ಕೈಯಲ್ಲಿ ಬರೆದದ್ದು; ಅಂದವಾಗಿಲ್ಲ. ಇಂದು ಅವರು ಏನನ್ನೂ ಮಾರುವುದಿಲ್ಲ. ತಾವು ಮಕ್ಕಳೊಡನೆ ಕುಳಿತು ಒಂದು ಸುತ್ತು ಆಡಿ, ಎಲ್ಲಿ ತಡೆಯಿತು, ಯಾವ ಪದಕ್ಕೆ ಜಗಳವಾಯಿತು ಎಂಬುದನ್ನು ಅಲ್ಲಿಟ್ಟಿರುವ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಪೆನ್ಸಿಲುಗಳೂ ಇವೆ, ದಯವಿಟ್ಟು ಅವುಗಳನ್ನು ಅಲ್ಲಿಯೇ ಬಿಟ್ಟು ಬನ್ನಿ. ಚಹ ಸಿದ್ಧವಾಯಿತೆಂದು ಕಾರ್ಯದರ್ಶಿಗಳು ಕೈ ಮಾಡುತ್ತಿದ್ದಾರೆ.