ಹಳೆಯ ಮನೆ ಕೆಡವುವ ಮುನ್ನ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಮ್ಮ ಭಾಗದ ಪೇಟೆಗಳಲ್ಲಿ ಮಕ್ಕಳಿಲ್ಲದ ಹಿರಿಯರು, ಊರು ಬಿಟ್ಟು ಬೆಂಗಳೂರು ಪುಣೆ ಸೇರಿದವರು ತಮ್ಮ ಹಳೆಯ ಮನೆಗಳನ್ನು ಮಠಕ್ಕೋ ಟ್ರಸ್ಟಿಗೋ ಬರೆದುಕೊಡುವುದುಂಟು. ಮನೆ ಕೈಗೆ ಬಂದ ಮೇಲೆ ನಡೆಯುವ ಮೊದಲ ಸಭೆಯಲ್ಲೇ ಕಲ್ಯಾಣ ಮಂಟಪದ ಮಾತು ಬರುತ್ತದೆ, ಮರುವಾರ ಜೆಸಿಬಿ. ಈ ಎರಡರ ನಡುವೆ ಒಂದು ತಿಂಗಳು ತಡೆಯಿರಿ ಎಂದು ಕೇಳಿಕೊಳ್ಳಲು ನಾನು ನಿಂತಿದ್ದೇನೆ.

ಇದಕ್ಕೆ ಒಂದು ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ. ನಾವು ಜಂಗಮವನ್ನು ಹಿಡಿದವರು, ಕಲ್ಲು ಮಣ್ಣಿನ ಸ್ಥಾವರದ ಮೋಹ ನಮಗೇಕೆ? ಫ.ಗು. ಹಳಕಟ್ಟಿಯವರ ಉದಾಹರಣೆಯನ್ನೂ ಕೊಡುತ್ತಾರೆ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ನಿಜ. ಆದರೆ ಅವರು ಮನೆ ಬಿಟ್ಟುಕೊಟ್ಟದ್ದು ವಚನಗಳು ಉಳಿಯಲಿ ಎಂದು. ಮದುವೆ ಹಂಗಾಮಿನ ಬಾಡಿಗೆಗಾಗಿ ಮನೆ ಕೆಡವುವವರು ಅವರ ಹೆಸರು ಹೇಳಬಾರದು.

ಕಾನೂನು ಕಾಪಾಡುತ್ತದಲ್ಲ ಎಂದರೆ, ಅಷ್ಟು ಸುಲಭವಿಲ್ಲ. ಕೇಂದ್ರದ 1958ರ ಕಾಯ್ದೆ, ನಮ್ಮ ರಾಜ್ಯದ 1961ರ ಕಾಯ್ದೆ ಎರಡೂ ನೂರು ವರ್ಷ ದಾಟಿದ ಸ್ಮಾರಕಗಳ ಮಾತಾಡುತ್ತವೆ. ದೇಶದಲ್ಲಿ ಕೇಂದ್ರ ರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚು. ಅದರಲ್ಲಿ ಗುಡಿ, ಕೋಟೆ, ಗುಮ್ಮಟಗಳೇ ತುಂಬಿವೆ. ಜನ ಬಾಳಿ ಬದುಕಿದ ಪೇಟೆ ಮನೆ ಅಲ್ಲಿ ಅಪರೂಪ. 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ವಿಜಯಪುರದಂಥ ಊರಲ್ಲಿ ಇದರ ಬಿಸಿ ಎಷ್ಟೋ ಕುಟುಂಬಗಳಿಗೆ ತಟ್ಟಿದೆ. ಗುಮ್ಮಟ ಉಳಿಯಲೆಂದು ಮಾಡಿದ ಈ ನಿಯಮದಲ್ಲಿ ಪಕ್ಕದ ಹಳೆ ಮನೆಯ ದುರಸ್ತಿಗೆ ಕಾಸಿಲ್ಲ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ನೋಡಿ. 1950ರ ದಶಕದ ಆರಂಭದ ಎರಡಂತಸ್ತಿನ ಮನೆ. ಬರೆಯಲು ಕೂರುವ ಕೋಣೆಗೆ ಎಂಟು ಕಿಟಕಿ. 2011ರಲ್ಲಿ ಅದನ್ನು ಕೆಡವಲು ಆರಂಭಿಸಿದಾಗ ನಗರದ ಜನ ಎದ್ದರು, ಕೆಲಸ ನಿಂತಿತು. ಅದಕ್ಕೆ ನೂರು ವರ್ಷ ಎಲ್ಲಿಂದ ಬರಬೇಕು? ಕೊನೆಗೆ ಸುಮಾರು 2.4 ಕೋಟಿ ರೂಪಾಯಿ ಕೊಟ್ಟು ಖರೀದಿಸಬೇಕಾಯಿತು. ಕನ್ನಡದಲ್ಲಿ ಬರೆಯದವರ ಮನೆಗೆ ಸರ್ಕಾರದ ಹಣವೇಕೆ ಎಂದು ಕೆಲವು ಸಾಹಿತಿಗಳು ಆಕ್ಷೇಪಿಸಿದರು. ಅದೂ ಮುಗಿದು ವಸ್ತುಸಂಗ್ರಹಾಲಯ ತೆರೆದದ್ದು 2016ರಲ್ಲಿ. ಹೆಸರಾಂತ ಲೇಖಕರ ಮನೆಗೇ ಐದು ವರ್ಷ. ಹೆಸರಿಲ್ಲದ ನಮ್ಮ ನೇಕಾರರ, ವರ್ತಕರ ಮನೆಗಳಿಗೆ ಒಡೆಯನ ಮನಸ್ಸೇ ಕಾಯ್ದೆ. ಇಲ್ಲಿ ಒಡೆಯರು ನಾವೇ.

ಇನ್ನು ಮನೆಯ ವಿಷಯ. ನಮ್ಮಲ್ಲಿ ಮನೆಯ ಅಳತೆಯನ್ನು ಅಂಕಣದಲ್ಲಿ ಹೇಳುತ್ತಿದ್ದರು, ಅಂದರೆ ಕಂಬದಿಂದ ಕಂಬಕ್ಕೆ ಇರುವ ಅಂತರ. ಭಾರವನ್ನು ಹೊರುವುದು ಕಂಬ, ತೊಲೆ, ಜಂತಿಗಳ ಚೌಕಟ್ಟು ಮತ್ತು ಎರಡು ಮೂರು ಅಡಿ ದಪ್ಪದ ಗೋಡೆ. ಗೋಡೆಗೆ ಎರಡು ಮೈ: ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಮಾಳಿಗೆಗೆ ಸವಳು ಮಣ್ಣು. ಬೆಳೆ ಬಾರದ ಆ ಮಣ್ಣನ್ನೇ ಹಿರಿಯರು ಆರಿಸಿದ್ದಕ್ಕೆ ಕಾರಣವಿದೆ. ಅದರಲ್ಲಿರುವ ಸೋಡಿಯಂನಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ, ನೀರು ಬಿದ್ದೊಡನೆ ಉಬ್ಬಿ ಸಂದುಗಳನ್ನು ಮುಚ್ಚುತ್ತವೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದರೂ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಹೇಳಿದವರು ಮಾಳಿಗೆ ಕೆಲಸದವರು.

ಹಾಗಾದರೆ ಈ ಮನೆಗಳು ಬೀಳುವುದೇಕೆ? ಹಳೆಯವು ಎಂದಲ್ಲ. ವರ್ಷ ವರ್ಷ ಹಳೆ ಮಣ್ಣು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಹಾಕುತ್ತಾರೆ. ಒಂದಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕೆ.ಜಿ. ತೂಗುತ್ತದೆ. ನಾಲ್ಕೂವರೆ ಇಂಚಿನ ಕಾಂಕ್ರೀಟ್ ಸ್ಲ್ಯಾಬ್ 300 ಕೆ.ಜಿ. ಕೂಡ ಇಲ್ಲ. ಮಣ್ಣು ಎರಡಡಿ ಆದಾಗ ಯಾವ ಸಾಗವಾನಿ ತೊಲೆ ತಾಳೀತು? ಎರಡನೆಯದು ನೀರು. ಹರನಾಳಿಗೆಯಲ್ಲಿ ಕಸ ಕಟ್ಟಿದರೆ ನೀರು ಗೋಡೆಯ ತಲೆಯಿಂದ ಒಳಗಿಳಿಯುತ್ತದೆ, ನಡುವಿನ ಮಣ್ಣು ಕರಗುತ್ತದೆ, ಎರಡು ಮೈ ಬೇರೆಯಾಗಿ ಗೋಡೆ ಹೊಟ್ಟೆ ಬಿಡುತ್ತದೆ. ಮೂರನೆಯದು ನಮ್ಮ ಪ್ರೀತಿಯ ಸಿಮೆಂಟು. ಹಸಿ ಏರಿದ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ ಹೊಡೆದರೆ ಆ ಹಸಿ ಒಳಗೇ ಉಳಿದು ತೊಲೆಯ ತುದಿಯನ್ನು ಕೊಳೆಸುತ್ತದೆ, ಗೆದ್ದಲನ್ನು ಕರೆಯುತ್ತದೆ. ಸುಣ್ಣದ ಗಾರೆಯಾದರೆ ಹಸಿ ಹೊರಗೆ ಆರುತ್ತದೆ. ಸಿಮೆಂಟಿನಿಂದ ಕೆಟ್ಟ ಗೋಡೆಯನ್ನು ತೋರಿಸಿಯೇ ‘ಶಿಥಿಲ’ ಎಂದು ವರದಿ ಬರೆಯುತ್ತಾರೆ.

ಈ ಮನೆಗಳನ್ನು ಪೂಜಿಸಿ ಎಂದು ನಾನು ಹೇಳುತ್ತಿಲ್ಲ. ಯಾರು ಪಡಸಾಲೆಗೆ, ಯಾರು ಕಟ್ಟೆಯವರೆಗೆ, ಯಾರು ಬೀದಿಯಲ್ಲೇ ನಿಲ್ಲಬೇಕು ಎಂಬುದನ್ನು ಇದೇ ಹೊಸ್ತಿಲುಗಳು ತೀರ್ಮಾನಿಸಿದ್ದವು. ಬಸವಣ್ಣನವರ ಹೆಸರು ಹೇಳುವ ಮನೆಗಳಲ್ಲೂ ಹಾಗೆ ನಡೆಯಿತು. ಒಂದು ಬೆಳಕಿಂಡಿಯ ಅಡುಗೆಮನೆಯ ಹೊಗೆಯಲ್ಲಿ ನಮ್ಮ ಅವ್ವಂದಿರು ಕಣ್ಣು ಕಳೆದುಕೊಂಡರು. ಮನೆ ಉಳಿದರೆ ಮಕ್ಕಳನ್ನು ಕರೆತಂದು ಅದನ್ನೂ ತೋರಿಸಬಹುದು. ಅದೇ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ವಚನ ಹೇಳಿಸಬಹುದು, ಗ್ರಂಥಾಲಯ ಮಾಡಬಹುದು, ದಾಸೋಹ ನಡೆಸಬಹುದು. ಅಡುಗೆಮನೆಗೆ ದೊಡ್ಡ ಕಿಟಕಿ ಇಡಿ, ನಾನೇ ನಕ್ಷೆ ಬರೆದುಕೊಡುತ್ತೇನೆ.

ಆ ಒಂದು ತಿಂಗಳಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. ಮನೆಯ ಅಳತೆ ಹಿಡಿದು ನಕ್ಷೆ ಬರೆಸಿ, ಪ್ರತಿ ಕೋಣೆಯ ಫೋಟೋ ತೆಗೆಸಿ. ಗೋಡೆಯಲ್ಲಿ ಹುದುಗಿದ ತೊಲೆಯ ತುದಿಗಳನ್ನು ಚಾಕುವಿನಿಂದ ಚುಚ್ಚಿ ನೋಡಿಸಿ. ಗಟ್ಟಿ ಇದ್ದರೆ ಮನೆ ನಿಲ್ಲುತ್ತದೆ. ಮಾಳಿಗೆ ಕೆಲಸ ಬಲ್ಲವರು ಊರಲ್ಲಿ ಇನ್ನೂ ಒಬ್ಬಿಬ್ಬರು ಇರುತ್ತಾರೆ, ಅವರನ್ನು ಕರೆಸಿ ಕೇಳಿ. ಕೆಡವಲೇಬೇಕು ಎಂದಾದರೆ ಕಂಬ, ಬಾಗಿಲುಗಳನ್ನಾದರೂ ಗುಜರಿಗೆ ಹಾಕದೆ ಹೊಸ ಕಟ್ಟಡದಲ್ಲಿ ಬಳಸಿ. ಉಳಿಸುವುದಾದರೆ ಮೊದಲು ಹಳೆ ಮಣ್ಣು ಇಳಿಸಿ, ಹರನಾಳಿಗೆ ತೆರೆಯಿರಿ. ಮೇ ಕೊನೆಗೆ ರೋಹಿಣಿ ಮಳೆ ಕೂಡುತ್ತದೆ. ಹೊಸ ಮಣ್ಣು ಅದಕ್ಕೆ ಮೊದಲೇ ಮಾಳಿಗೆ ಏರಿರಬೇಕು.