ಹಾಲು ಯಾರದು, ಗಾಡಿ ಯಾರದು?

(ಪರೇಲಿನಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ದೊಡ್ಡ ಭಾಷಣಕಾರನಲ್ಲ. ಇದೇ ಪರೇಲಿನ ಹೋಟೆಲೊಂದರಲ್ಲಿ ಕಪ್ಪುಬಶಿ ತೊಳೆದು ಬೆಳೆದವನು. ಬೆಳಗಿನ ನಾಲ್ಕಕ್ಕೆ ಹಾಲಿನ ಟೆಂಪೋ ಬಂದರೆ ಕ್ರೇಟು ಇಳಿಸಿಕೊಳ್ಳುವುದು ನನ್ನ ಪಾಳಿ. ಟೆಂಪೋದ ಹುಡುಗನೂ ನನ್ನಂತೆಯೇ ನಿದ್ದೆಗೆಟ್ಟವನು. "ನೀನು ಯಾರ ನೌಕರನಪ್ಪಾ?" ಎಂದು ಒಮ್ಮೆ ಕೇಳಿದೆ. "ಸಂಬಳ ಕೇಳಿದರೆ ಡೇರಿಯವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಗುತ್ತಿಗೆದಾರ ಡೇರಿಯನ್ನು ತೋರಿಸುತ್ತಾನೆ" ಎಂದ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಿಲ್ಲಿನ ಬಟ್ಟೆ ಗೋದಾಮಿನಲ್ಲಿ ವರ್ಷಗಟ್ಟಲೆ ಕಾದೀತು. ಕರೆದ ಹಾಲು ಸೆಕೆಯಲ್ಲಿ ಕೆಲವೇ ತಾಸಿಗೆ ಕೆಡುತ್ತದೆ. ಅದನ್ನು 4 ಡಿಗ್ರಿಗೆ ತಣಿಸಿ, ತಣ್ಣಗಿರುವಾಗಲೇ ಪೇಟೆ ಮುಟ್ಟಿಸಬೇಕು. ಆದುದರಿಂದ ಎಮ್ಮೆ ಯಾರದೇ ಆಗಲಿ, ತಣಿಸುವ ಯಂತ್ರವೂ ಸಾಗಿಸುವ ಗಾಡಿಯೂ ಯಾರ ಕೈಯಲ್ಲಿವೆಯೋ ಅವನು ಹೇಳಿದ್ದೇ ಬೆಲೆ.

ಇದಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. 1945ರಲ್ಲಿ ಸರಕಾರ ಮುಂಬಯಿ ಹಾಲಿನ ಯೋಜನೆ ಆರಂಭಿಸಿ, ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ತರಿಸುವ ಕೆಲಸವನ್ನು ಪೋಲ್ಸನ್ ಕಂಪನಿಗೆ ಒಪ್ಪಿಸಿತು. ಲಾಭ ನಡುವಿನವರಿಗೆ, ಸಗಣಿ ರೈತನಿಗೆ ಎಂಬಂತಾಯಿತು. 1946ರ ಜನವರಿಯಲ್ಲಿ ರೈತರು ಸಮರ್ಖಾ ಹಳ್ಳಿಯಲ್ಲಿ ಸಭೆ ಸೇರಿದರು. ಹದಿನೈದು ದಿನ ಹಾಲು ಹಾಕಲಿಲ್ಲ. ಸರಕಾರ ಮಣಿಯಿತು. ಅದೇ ಡಿಸೆಂಬರ್ 14ರಂದು ಅವರ ಸಹಕಾರಿ ಸಂಘ ನೋಂದಣಿಯಾಯಿತು. ಮುಂದಾಳು ತ್ರಿಭುವನದಾಸ ಪಟೇಲರು. 1948ರಲ್ಲಿ ಎರಡು ಹಳ್ಳಿಗಳ ಸುಮಾರು 250 ಲೀಟರ್ ಹಾಲಿನಿಂದ ಕೆಲಸ ಮೊದಲಾಯಿತು. ಅದೇ ಇಂದಿನ ಅಮೂಲ್. ನಮ್ಮ ನಾಡಿನ ನಂದಿನಿಯೂ ಅದೇ ದಾರಿಯದು: ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ.

ಹಾಗಾದರೆ ಶೀತಗೃಹವನ್ನೂ ಗಾಡಿಯನ್ನೂ ಗುತ್ತಿಗೆಗೆ ಕೊಡಲೇಬಾರದೆ? ಕೊಡಬಹುದು. ಪ್ರತಿ ಸಂಘಕ್ಕೂ ಸ್ವಂತ ಲಾರಿ ಸಾಕುವ ಶಕ್ತಿಯಿರುವುದಿಲ್ಲ. ಆದರೆ ಅಳತೆ, ಪರೀಕ್ಷೆ, ದರ ಈ ಮೂರೂ ಸಂಘದ ಕೈ ಬಿಡಬಾರದು. ದಾರಿಯಲ್ಲಿ ಹಾಲು ಕೆಟ್ಟರೆ ನಷ್ಟ ಯಾರದೆಂದು ಕರಾರಿನಲ್ಲಿ ಬರೆದಿರಬೇಕು. ಕ್ರೇಟು ಹೊರುವವನ ಸಂಬಳ, ವಾರದ ರಜೆ, ಭವಿಷ್ಯನಿಧಿಯೂ ಅದೇ ಕರಾರಿನಲ್ಲಿರಬೇಕು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲಿಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಇದು ಭಿಕ್ಷೆಯಲ್ಲ.

ನಡುವಿನವನನ್ನು ಓಡಿಸಲು ಹುಟ್ಟಿದ್ದು ರೈತರ ಸಂಘ. ಅದೇ ಸಂಘ ಹೊರುವವನ ಕೂಲಿ ಹಿಡಿದು ಲಾಭ ಉಳಿಸಿದರೆ, ಅದಕ್ಕೂ ಹಳೆಯ ದಲ್ಲಾಳಿಗೂ ಏನು ಅಂತರ?

ಸೋದರರೇ, ನಾಳೆ ನಸುಕಿನಲ್ಲಿ ಟೆಂಪೋ ಬಂದಾಗ ಆ ಹುಡುಗನಿಗೆ ಒಂದು ಕಪ್ಪು ಚಹಾ ಕೊಡಿ. ಅವನು ಯಾರ ನೌಕರನೆಂದು ಕೇಳಿ. ಉತ್ತರ ಅವನಿಗೇ ತಿಳಿಯದಿದ್ದರೆ, ಮುಂದಿನ ಸಭೆಗೆ ಕೈಹಿಡಿದು ಕರೆತನ್ನಿ.