ಕಣ್ಣಲ್ಲಿ ನೀರು ಸುರೀತಿದ್ರೂ ಕಣ್ಣು ಒಣಗಿದೆಯಂತೆ!

ಈ ವಿಡಿಯೋ ನೋಡಲೇಬೇಕು ಅಂತೇನಿಲ್ಲ, ಫೋನ್ ಬೋರಲು ಹಾಕಿ ಕೇಳಿದ್ರೂ ಸಾಕು. ಇವತ್ತಿನ ವಿಷಯವೇ ಅಂಥದ್ದು.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೋದ ವರ್ಷ ಒಂದು ರಿಲೀಸ್ ಹೊತ್ತಿಗೆ ಎರಡು ವಾರ ದಿನಕ್ಕೆ 13-14 ಗಂಟೆ ಸ್ಕ್ರೀನ್ ಮುಂದೆಯೇ ಇದ್ದೆ. ಸಂಜೆಯಾದ್ರೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚೋದು, ಆಮೇಲೆ ಒಂದೇ ಸಮನೆ ನೀರು. ಧಾರವಾಡದಿಂದ ವಿಡಿಯೋ ಕಾಲ್ ಮಾಡಿದ ಅವ್ವ ನನ್ನ ಮುಖ ನೋಡಿ, "ಯಾಕೋ ತಮ್ಮಾ, ಅಳಾಕ ಹತ್ತೀಯೇನು? ನೌಕರಿ ಹೋತೇನು?" ಅಂದ್ಲು. ನಗು ಬಂತು. ಒಳಗೆ ಭಯವೂ ಇತ್ತು. ಕೋಡಿನಲ್ಲಿ 3 ಯಾವುದು, 8 ಯಾವುದು ಅಂತ ಗೊತ್ತಾಗ್ತಿರಲಿಲ್ಲ. ನಮಗೆ ಕಣ್ಣು ಹೋದ್ರೆ ಅನ್ನವೇ ಹೋದ ಹಾಗೆ.

ಡಾಕ್ಟರ್ ಹತ್ರ ಹೋಗೋದು ಬಿಟ್ಟು 'ಬ್ಲೂ ಕಟ್' ಕನ್ನಡಕ ತರಿಸಿದೆ. ಎಂಟೆಕ್ ಓದಿದವನು, ಜಾಹೀರಾತು ನಂಬಿದೆ! 2023ರ ಕಾಕ್ರೇನ್ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ಮಾಮೂಲಿ ಗಾಜಿಗೆ ಹೋಲಿಸಿದ್ರೆ ಇದರಿಂದ ಕಣ್ಣಿನ ಆಯಾಸ, ಕನಿಷ್ಠ ಅಲ್ಪಾವಧಿಯಲ್ಲಿ, ಕಡಿಮೆಯಾಗೋ ಹಾಗೆ ಕಂಡಿಲ್ಲ. ನನಗೂ ಆಗಲಿಲ್ಲ.

ಕೊನೆಗೆ ಹೋದೆ. ಡಾಕ್ಟರ್ ಅಂದ್ರು: "ನಿಮ್ಮ ಕಣ್ಣು ಒಣಗಿದೆ."

ನೀರು ಸುರೀತಿದೆ, ಒಣಗಿದೆ ಅಂದ್ರೆ? ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡೀತೀವಿ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕೋ ಇನ್ನೂ ಕೆಳಗೋ ಇಳಿಯುತ್ತೆ. ಬಡಿದ್ರೂ ಎಷ್ಟೋ ಸಲ ಪೂರ್ತಿ ಮುಚ್ಚಲ್ಲ. ಕಣ್ಣಿನ ನೀರು ಬೇಗ ಆರದ ಹಾಗೆ ಅದರ ಮೇಲೊಂದು ತೆಳು ಎಣ್ಣೆ ಪದರ ಇರುತ್ತೆ. ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಆ ಎಣ್ಣೆ ಹೊರಗೆ ಬಂದು ಹರಡೋದೇ ರೆಪ್ಪೆ ಬಡಿದಾಗ. ಬಡೀಲಿಲ್ಲ, ಆರಿಹೋಯ್ತು, ಉರಿ ಶುರು. ಆಗ ಕಣ್ಣು ಗಾಬರಿಯಾಗಿ ನೀರು ಸುರಿಸುತ್ತೆ. ಆ ನೀರು ನಿಲ್ಲಲ್ಲ, ಕೆನ್ನೆ ಮೇಲೆ ಹರಿದುಹೋಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಅಲರ್ಟ್, ಫಿಕ್ಸ್ ಅಲ್ಲ.

ನಾನೋ, ಎಂಟೆಕ್ ಪುಸ್ತಕ ಜೋಡಿಸಿ ಮಾನಿಟರ್ ಎತ್ತರಕ್ಕೆ ಇಟ್ಟಿದ್ದೆ. ಮೇಲೆ ನೋಡಿದಷ್ಟೂ ಕಣ್ಣು ಅಗಲ ತೆರೆಯುತ್ತೆ, ಬೇಗ ಒಣಗುತ್ತೆ. ಎಸಿ ಗಾಳಿ ಬೇರೆ ನೇರ ಮುಖಕ್ಕೆ. ಪುಸ್ತಕ ತೆಗೆದೆ, ಕುರ್ಚಿ ಸರಿಸಿದೆ. ಸಣ್ಣ ಸಿಲಿಂಡರ್ ಪವರ್ ಇದ್ದದ್ದೂ ಪರೀಕ್ಷೆಯಲ್ಲಿ ಗೊತ್ತಾಯ್ತು. ಮೆಡಿಕಲ್ ಶಾಪ್‌ನಿಂದ ನಾನೇ ತಂದಿದ್ದ, ಕೆಂಪು ಇಳಿಸೋ ಡ್ರಾಪ್ಸ್ ಬಿಡಿಸಿ ಕಣ್ಣು ತೇವವಾಗಿಡೋ ಡ್ರಾಪ್ಸ್ ಕೊಟ್ರು.

20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ ಅನ್ನೋದು ನಿಮಗೂ ಗೊತ್ತಿರುತ್ತೆ. ನನ್ನ ಟೇಬಲ್‌ನಿಂದ 20 ಅಡಿಗೆ ಸರಿಯಾಗಿ ಎದುರು ಮನೆ ಬಾಲ್ಕನಿ. ಅಪಾರ್ಥ ಆದೀತು ಅಂತ ಅದರಾಚೆಯ ಬೇವಿನ ಮರ ನೋಡ್ತೀನಿ.

ದೃಷ್ಟಿ ದಿಢೀರ್ ಮಂಜಾದ್ರೆ, ಜೋರು ನೋವು ಬಂದ್ರೆ, ಮಿಂಚು ಕಂಡ್ರೆ ಮಾತ್ರ ಇದು ಯಾವುದೂ ಬೇಡ. ಅವತ್ತೇ ಡಾಕ್ಟರ್ ಹತ್ರ ಓಡಿ.

ನನ್ನ ಉರಿ ಪೂರ್ತಿ ಹೋಗಿಲ್ಲ, ರಿಲೀಸ್ ಬಂದಾಗ ಎಲ್ಲ ಮರೆತುಬಿಡ್ತೀನಿ. ಅವ್ವ ಈಗ ವಿಡಿಯೋ ಕಾಲ್ ಬಿಟ್ಟು ಬರೀ ಫೋನ್ ಮಾಡ್ತಾಳೆ. ಊಟ ಆತೇನು ಅಂತ ಕೇಳೋಕೂ ಮೊದಲು, "ರೆಪ್ಪಿ ಬಡಿಯಾಕ ಹತ್ತೀಯಿಲ್ಲೋ?"